ಮೊಳಕೆಯಲ್ಲಿ ಸಿರಿ ಕಾಣುವುದೆಷ್ಟು?

ಬೆಳೆಯುವ ಸಿರಿ ಮೊಳಕೆಯಲ್ಲಿಯೇ ಕಾಣುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಮಾತಿದು. ಆದರೆ ಆ ಮಾತನ್ನು ಹೇಳಿದ ಒಕ್ಕಲಿಗನು ಮೊಳಕೆಯನ್ನು ಕಂಡ ದಿನವೇ ಕಣಜಕ್ಕೆ ಸಾರಣೆ ಮಾಡಿಸಿದವನಲ್ಲ. ಮಳೆ, ಹುಳು, ಹಕ್ಕಿಗಳ ಲೆಕ್ಕವನ್ನು ಹಿಡಿದ ಮೇಲೆಯೇ ಅವನು ಸುಗ್ಗಿಯ ಮಾತನ್ನಾಡುತ್ತಿದ್ದನು. ನಾವು ಗಾದೆಯನ್ನು ಉಳಿಸಿಕೊಂಡು ಅದರ ಹಿಂದಿನ ಎಚ್ಚರವನ್ನು ಮರೆತಿದ್ದೇವೆ. ಹತ್ತೊಂಬತ್ತು ಇಪ್ಪತ್ತು ವರ್ಷದ ತರುಣನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ಇವನು ಇನ್ನು ಹತ್ತು ವರ್ಷಗಳಲ್ಲಿ ಏನಾಗುವನೆಂದು ನಿರ್ಣಯಿಸುವುದು ಎಷ್ಟು ಕಠಿಣವೆಂಬುದು, ಒಮ್ಮೆಯಾದರೂ ಆಯ್ಕೆಯ ಹೊಣೆ ಹೊತ್ತವರಿಗೆ ಗೊತ್ತು. ಈ ಕಠಿಣ ಕಾರ್ಯವನ್ನು ಅಮೆರಿಕದವರು ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ದೂರದರ್ಶನದ ದೀಪಗಳ ಬೆಳಕಿನಲ್ಲಿ, ಲಕ್ಷಾಂತರ ಜನರ ಕಣ್ಣೆದುರಿಗೇ ನೆರವೇರಿಸುತ್ತಾರೆ. ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಘವಾದ ಎನ್.ಬಿ.ಎ. ನಡೆಸುವ ಈ ಆಯ್ಕೆಗೆ ‘ಡ್ರಾಫ್ಟ್’ ಎಂದು ಹೆಸರು. ಆಟದ ಗಂಧವಿಲ್ಲದ ಓದುಗರೂ ಇದರಿಂದ ಒಂದೆರಡು ಸಂಗತಿಗಳನ್ನು ತಿಳಿಯಬಹುದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಎನ್.ಬಿ.ಎ.ಯಲ್ಲಿ ಮೂವತ್ತು ತಂಡಗಳಿವೆ. ಹೊಸದಾಗಿ ಆಟಕ್ಕೆ ಇಳಿಯುವ ತರುಣರನ್ನು ಈ ತಂಡಗಳು ಎರಡು ಸುತ್ತುಗಳಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತವೆ. ಒಟ್ಟು ಸ್ಥಾನಗಳು ಸಾಮಾನ್ಯವಾಗಿ 60. ಆಯ್ಕೆಗೆ ನಿಲ್ಲುವವನಿಗೆ ಆ ವರ್ಷದೊಳಗೆ 19 ತುಂಬಬೇಕು. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿಗಳು, ಗೆದ್ದು ಬೀಗಿದ ತಂಡಗಳಿಗೆ ಕೊನೆಯವು. ಬಲಹೀನನಿಗೆ ಮೊದಲ ತುತ್ತು ದೊರೆಯಬೇಕೆಂಬ ಈ ನ್ಯಾಯ ಮೆಚ್ಚತಕ್ಕದ್ದೇ. ಆದರೆ ಮನುಷ್ಯಬುದ್ಧಿ ನ್ಯಾಯದಲ್ಲಿಯೂ ಸಂದಿಯನ್ನು ಹುಡುಕುತ್ತದೆ. ಮೊದಲ ಸರದಿಯ ಆಸೆಗಾಗಿ ತಂಡಗಳು ಬೇಕೆಂದೇ ಸೋಲುವ ಸಂಶಯ ತಲೆದೋರಿದಾಗ, 1985ರಿಂದ ಚೀಟಿ ಎತ್ತುವ ‘ಲಾಟರಿ’ಯ ಪದ್ಧತಿ ಬಂದಿತು.

ಗಣಿತ ಬಲ್ಲವರಿಗೆ ಈ ಲಾಟರಿ ಸೊಗಸಾದ ಲೆಕ್ಕ. 1ರಿಂದ 14ರವರೆಗೆ ಅಂಕಿಗಳಿರುವ ಚೆಂಡುಗಳನ್ನು ಯಂತ್ರದಲ್ಲಿ ಹಾಕಿ ನಾಲ್ಕನ್ನು ಹೊರತೆಗೆಯುತ್ತಾರೆ. ಹದಿನಾಲ್ಕರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 1001. ಒಂದನ್ನು ಕೈಬಿಟ್ಟು ಉಳಿದ 1000 ಬಗೆಗಳನ್ನು ತಂಡಗಳಿಗೆ ಹಂಚುತ್ತಾರೆ. 2019ರಲ್ಲಿ ಜಾರಿಗೆ ಬಂದ ಏರ್ಪಾಡಿನಲ್ಲಿ ಅತಿ ಹೆಚ್ಚು ಸೋತ ಮೂರು ತಂಡಗಳಿಗೆ ತಲಾ 140 ಬಗೆಗಳು ಸಲ್ಲುತ್ತಿದ್ದವು. 2025ರ ಲಾಟರಿಯಲ್ಲಿ ಡಲ್ಲಾಸ್ ತಂಡದ ಪಾಲಿಗಿದ್ದುದು ಕೇವಲ 18. ಅದೇ ವರ್ಷದ ಫೆಬ್ರವರಿಯಲ್ಲಿ ಆ ತಂಡವು ಲೂಕಾ ಡಾಂಚಿಚ್ ಎಂಬ ತನ್ನ ಅಗ್ರಗಣ್ಯ ಆಟಗಾರನನ್ನು ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟು ಊರಿನವರ ಕೋಪಕ್ಕೆ ಗುರಿಯಾಗಿತ್ತು. ಸಾವಿರದಲ್ಲಿ ಹದಿನೆಂಟರ ಆ ಅದೃಷ್ಟ ಒಲಿದು ಮೊದಲ ಸರದಿ ಅದಕ್ಕೇ ದೊರೆಯಿತು. ಕೂಪರ್ ಫ್ಲ್ಯಾಗ್ ಎಂಬ ಹದಿನೆಂಟರ ತರುಣನನ್ನು ಅದು ಆರಿಸಿಕೊಂಡಿತು. ಹೀಗೆ, ಜಾಣತನದ ಪರೀಕ್ಷೆಯೆಂದು ಎಲ್ಲರೂ ತಿಳಿದಿರುವ ಈ ಕಾರ್ಯದ ಹೊಸ್ತಿಲಿನಲ್ಲಿಯೇ ಅದೃಷ್ಟವು ಕಾಲುಚಾಚಿ ಕುಳಿತಿದೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನನಗೂ ಈ ವಿಷಯಕ್ಕೂ ಸಂಬಂಧ ಬಂದುದು ಮೊಮ್ಮಗನ ಮೂಲಕ. ಮಗಳು, ಅಳಿಯ ಡಲ್ಲಾಸ್ ನಗರದ ಸಮೀಪದಲ್ಲಿ ನೆಲೆಸಿದ್ದಾರೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ಮೊಮ್ಮಗನ ಬಾಯಲ್ಲಿ ಇದೇ ಮಾತು. ಡ್ರಾಫ್ಟ್ ಮುಗಿದ ಮರುದಿನವೇ ಅಲ್ಲಿನ ಪತ್ರಿಕೆಗಳು ಮೂವತ್ತೂ ತಂಡಗಳಿಗೆ ಎ, ಬಿ, ಸಿ ಎಂದು ದರ್ಜೆ ಹಾಕಿ ಪ್ರಕಟಿಸುತ್ತವೆ. ಮೊಮ್ಮಗನೂ ಒಂದು ನೋಟುಬುಕ್ಕಿನಲ್ಲಿ ತನ್ನದೇ ದರ್ಜೆಗಳನ್ನು ಬರೆದಿಡುತ್ತಾನೆ. “ಅಜ್ಜಾ, ನೀವು ಮಾಸ್ತರು. ಈ ಟೀಮಿಗೆ ಎಷ್ಟು ಮಾರ್ಕ್ಸ್ ಕೊಡ್ತೀರಿ?” ಎಂದು ಅವನು ಕೇಳಿದಾಗ ನಾನು, “ಪರೀಕ್ಷೆ ಇನ್ನೂ ನಡದೇ ಇಲ್ಲಲ್ಲೋ ತಮ್ಮಾ! ಪೇಪರು ಬರೆಯೂದಕ್ಕಿಂತ ಮೊದಲ ಮಾರ್ಕ್ಸ್ ಹೆಂಗ ಹಾಕೂದು?” ಎಂದೆ. ಅವನು ಸುಮ್ಮನಾಗಲಿಲ್ಲ. “ಹಂಗಾದ್ರ ಹತ್ತು ವರ್ಷ ಆದ ಮೇಲೆ ಹಾಕೋಣೇನು? ಆವಾಗ ಯಾರು ಬೇಕಾದ್ರೂ ಹಾಕ್ತಾರ” ಎಂದನು. ಆ ಪ್ರಶ್ನೆಯ ತೂಕ ನನಗೆ ಆಗಲೇ ತಿಳಿಯಿತು. ಆಯ್ಕೆಗೆ ಅಂದೇ ಬೆಲೆ ಕಟ್ಟಿದರೆ ಅವಸರವಾಗುತ್ತದೆ. ಫಲವನ್ನು ನೋಡಿ ಕಟ್ಟಿದರೆ, ಅಟ್ಟ ಮೇಲೆ ಒಲೆ ಉರಿದಂತಾಗುತ್ತದೆ. ಹಾಗಾದರೆ ನ್ಯಾಯವಾದ ತೂಕ ಯಾವುದು?

ಈ ಪ್ರಶ್ನೆ ನನಗೆ ಹೊಸತಾಗಿರಲಿಲ್ಲ. ಸೇವೆಯಲ್ಲಿದ್ದಾಗ ಹನ್ನೆರಡು ವರ್ಷಗಳ ಕಾಲ ಒಂದು ಉಚಿತ ವಿದ್ಯಾರ್ಥಿ ನಿಲಯದ ಆಯ್ಕೆ ಸಮಿತಿಯಲ್ಲಿ ನಾನಿದ್ದೆ. ಸ್ಥಳ ಇಪ್ಪತ್ತೈದು, ಅರ್ಜಿಗಳು ಅದರ ಹತ್ತು ಪಟ್ಟು. ಪ್ರತಿಯೊಬ್ಬ ಹುಡುಗನ ಹಿಂದೆಯೂ ಬಾಗಿಲಲ್ಲಿ ಕೈಮುಗಿದು ನಿಂತ ತಂದೆ. ಸಮಿತಿಯ ಹಿರಿಯ ಸದಸ್ಯರೊಬ್ಬರು ಒಂದು ನಿಯಮವನ್ನು ತಂದಿದ್ದರು. ಯಾರನ್ನು ಆರಿಸಿದರೂ, ಯಾರನ್ನು ಬಿಟ್ಟರೂ, ಅದರ ಕಾರಣವನ್ನು ಅದೇ ದಿನ ಒಂದು ದಫ್ತರದಲ್ಲಿ ಬರೆದು ಎಲ್ಲರೂ ರುಜು ಹಾಕಬೇಕು. “ಹಣ್ಣು ಬಂದ ಮೇಲೆ ಮರವನ್ನು ಎಲ್ಲರೂ ಹೊಗಳುತ್ತಾರೆ. ನಾವು ಈ ದಿನ ಏನನ್ನು ನೋಡಿ ಆರಿಸಿದೆವು ಎಂಬುದು ನಾಳೆ ನಮಗೇ ಮರೆತುಹೋಗುತ್ತದೆ. ಬರೆದಿಡಿರಿ” ಎಂದು ಅವರು ಹೇಳುತ್ತಿದ್ದರು. ವರ್ಷಗಳು ಕಳೆದ ಮೇಲೆ ಆ ದಫ್ತರವನ್ನು ತಿರುವಿದಾಗ ಕಾಣುತ್ತಿದ್ದ ಸತ್ಯ ವಿಚಿತ್ರವಾದುದು. ಬಲವಾದ ಕಾರಣಗಳಿಂದ ಆರಿಸಿದ ಕೆಲವರು ನಡುವೆಯೇ ಓದು ಬಿಟ್ಟಿದ್ದರು. ಅರೆಮನಸ್ಸಿನಿಂದ ಸೇರಿಸಿಕೊಂಡ ಕೆಲವರು ಎಂಜಿನಿಯರುಗಳಾಗಿದ್ದರು. ಮೊದಲಿನವರ ಆಯ್ಕೆ ಕೆಟ್ಟದೆಂದೂ ಎರಡನೆಯವರ ಆಯ್ಕೆ ಒಳ್ಳೆಯದೆಂದೂ ಹೇಳಲು ಆ ದಫ್ತರವು ನಮಗೆ ಬಿಡುತ್ತಿರಲಿಲ್ಲ. ಈ ಅನುಭವವನ್ನು ಕೈಯಲ್ಲಿ ಹಿಡಿದೇ ನಾನು ಮೊಮ್ಮಗನ ನೋಟುಬುಕ್ಕಿಗೆ ಪ್ರವೇಶಿಸಿದೆ.

ಮೊದಲು ತರುಣರನ್ನು ಅಳೆಯುವ ಬಗೆಯನ್ನು ನೋಡೋಣ. ತಂಡಗಳ ಪರೀಕ್ಷಕರು ವರ್ಷವಿಡೀ ಕಾಲೇಜು ಪಂದ್ಯಗಳಿಗೂ ಯುರೋಪಿನ ಕ್ಲಬ್ಬುಗಳಿಗೂ ಅಲೆದು ಆಟವನ್ನು ನೋಡುತ್ತಾರೆ. ಡ್ರಾಫ್ಟಿಗೆ ಮುನ್ನ ತರುಣರನ್ನು ಒಂದೆಡೆ ಕೂಡಿಸಿ ಬೂಟು ಕಳಚಿಸಿ ಎತ್ತರ ಅಳೆಯುತ್ತಾರೆ. ಚಾಚಿದ ತೋಳುಗಳ ಉದ್ದ, ಕೈಯೆತ್ತಿ ನಿಂತಾಗ ಬೆರಳು ಮುಟ್ಟುವ ಎತ್ತರ, ನೆಗೆತ, ಓಟದ ವೇಗ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ವೈದ್ಯರು ಕೀಲುಗಳನ್ನೂ ಮೂಳೆಗಳನ್ನೂ ಪರೀಕ್ಷಿಸುತ್ತಾರೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಅರ್ಥವಿದೆ. ಬುಟ್ಟಿಯು ನೆಲದಿಂದ ಹತ್ತು ಅಡಿ ಎತ್ತರದಲ್ಲಿರುವಾಗ ತೋಳಿನ ಉದ್ದಕ್ಕೆ ಬೆಲೆ ಬರುವುದು ಸಹಜ. ಅಂಕಿಗಳನ್ನು ಓದುವುದರಲ್ಲಿಯೂ ವಿವೇಕ ಬೇಕು. ಇಬ್ಬರು ಕಾಲೇಜಿನಲ್ಲಿ ಸಮಾನವಾಗಿ ಅಂಕ ಗಳಿಸಿದ್ದರೆ, ಇಪ್ಪತ್ತೆರಡು ವರ್ಷದವನಿಗಿಂತ ಹತ್ತೊಂಬತ್ತು ವರ್ಷದವನ ಅಂಕಕ್ಕೆ ತೂಕ ಹೆಚ್ಚು; ಅವನ ಮುಂದೆ ಬೆಳವಣಿಗೆಗೆ ಇನ್ನೂ ಮೂರು ವರ್ಷಗಳಿವೆ. ಎದುರಾಳಿಗಳು ಎಂಥವರಿದ್ದರೆಂಬುದನ್ನೂ ಕೇಳಬೇಕು. ಯಾರ ಅಡ್ಡಿಯೂ ಇಲ್ಲದೆ ನಿಂತು ಎಸೆಯುವ ಫ್ರೀ ಥ್ರೋಗಳಲ್ಲಿ ಗುರಿ ಸ್ಥಿರವಾಗಿದ್ದರೆ, ದೂರದ ಎಸೆತವೂ ಮುಂದೆ ಕೈಗೂಡೀತೆಂದು ನಂಬಲು ಆಧಾರವಿದೆ.

ಆದರೆ ಅಳತೆಯ ಪಟ್ಟಿ ಎಷ್ಟು ಉದ್ದವಾದರೂ ಅದು ಅಳೆಯಲು ಸುಲಭವಾದುದನ್ನೇ ಮೊದಲು ಅಳೆಯುತ್ತದೆ. 2007ರಲ್ಲಿ ಕೆವಿನ್ ಡ್ಯುರಾಂಟ್ ಎಂಬ ತೆಳ್ಳನೆಯ ತರುಣನು ಅಂಗಾತ ಮಲಗಿ 185 ಪೌಂಡಿನ, ಎಂದರೆ ಸುಮಾರು 84 ಕಿಲೋ ಭಾರವನ್ನು ಒಂದು ಬಾರಿಯೂ ಎತ್ತಲಾರದೆ ಹೋದನು. ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿಯಾಯಿತು. ಪೋರ್ಟ್‌ಲ್ಯಾಂಡ್ ತಂಡವು ಮೊದಲ ಸರದಿಯಲ್ಲಿ ಗ್ರೆಗ್ ಓಡೆನ್ ಎಂಬ ಏಳಡಿಯ ಭೀಮಕಾಯನನ್ನು ಆರಿಸಿಕೊಂಡಿತು. ಡ್ಯುರಾಂಟ್ ಎರಡನೆಯವನಾಗಿ ಸಿಯಾಟಲ್ ತಂಡಕ್ಕೆ ಹೋದನು. ಓಡೆನ್‌ನ ಮೊಣಕಾಲು ಮೊದಲ ಪಂದ್ಯಕ್ಕೆ ಮುನ್ನವೇ ಶಸ್ತ್ರಚಿಕಿತ್ಸೆಗೆ ಈಡಾಯಿತು. ತನ್ನ ವೃತ್ತಿಜೀವನದಲ್ಲಿ ಅವನು ಆಡಿದ ಪಂದ್ಯಗಳು ಒಟ್ಟು 105 ಮಾತ್ರ. ಭಾರ ಎತ್ತಲಾರದವನು 2014ರಲ್ಲಿ ಇಡೀ ಸಂಘದ ಶ್ರೇಷ್ಠ ಆಟಗಾರನೆನಿಸಿಕೊಂಡು, 2017 ಮತ್ತು 2018ರಲ್ಲಿ ವಿಜೇತ ತಂಡದಲ್ಲಿದ್ದನು. ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಸಿಯಾಟಲ್‌ಗೆ ದೊರೆತುದು ಇಬ್ಬರಲ್ಲಿ ಉಳಿದವನು. ಅದನ್ನು ಅಪೂರ್ವ ದೂರದೃಷ್ಟಿಯೆಂದು ಕೊಂಡಾಡುವುದೂ ನ್ಯಾಯವಲ್ಲ.

ಕೆಟ್ಟ ಆಯ್ಕೆಗೆ ಉದಾಹರಣೆಯಾಗಿ ಎಲ್ಲರೂ ಎತ್ತಿ ತೋರಿಸುವುದು 1984ರ ಡ್ರಾಫ್ಟನ್ನು. ಆ ವರ್ಷ ಮೊದಲ ಸರದಿ ಹ್ಯೂಸ್ಟನ್‌ಗೋ ಪೋರ್ಟ್‌ಲ್ಯಾಂಡ್‌ಗೋ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಲಾಯಿತು. ಗೆದ್ದ ಹ್ಯೂಸ್ಟನ್ ತಂಡವು ನೈಜೀರಿಯದಿಂದ ಬಂದಿದ್ದ ಹಕೀಮ್ ಒಲಾಜುವಾನ್‌ನನ್ನು ಆರಿಸಿತು. ಪೋರ್ಟ್‌ಲ್ಯಾಂಡ್ ತಂಡವು ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೋವಿಯನ್ನು ಆರಿಸಿತು. ಮೂರನೆಯ ಸರದಿಯ ಷಿಕಾಗೊ ತಂಡಕ್ಕೆ ದೊರೆತವನು ಮೈಕೇಲ್ ಜೋರ್ಡನ್. 1991ರಿಂದ 1998ರ ನಡುವೆ ಷಿಕಾಗೊ ಆರು ಬಾರಿ ಪ್ರಶಸ್ತಿ ಗೆದ್ದಿತು. ಬೋವಿಯು ಮೊದಲ ವರ್ಷ 76 ಪಂದ್ಯಗಳನ್ನಾಡಿ ಭರವಸೆ ಮೂಡಿಸಿದನಾದರೂ, ಕಾಲಿನ ಮೂಳೆ ಮತ್ತೆ ಮತ್ತೆ ಮುರಿದುದರಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಪೋರ್ಟ್‌ಲ್ಯಾಂಡ್ ಪರ ಆಡಿದುದು 63 ಪಂದ್ಯ ಮಾತ್ರ. ವರ್ಷಕ್ಕೆ 82 ಪಂದ್ಯಗಳಿರುವ ಸಂಘದಲ್ಲಿ ಇದು ಏನೇನೂ ಅಲ್ಲ. ಅಂದಿನಿಂದ ಇಂದಿನವರೆಗೆ ಪೋರ್ಟ್‌ಲ್ಯಾಂಡ್‌ನವರು ನಗೆಪಾಟಲಿಗೆ ಈಡಾಗುತ್ತಲೇ ಇದ್ದಾರೆ.

ಆದರೆ 1984ರ ಜೂನ್ ತಿಂಗಳಲ್ಲಿ ನಿಂತು ನೋಡಿದರೆ ಚಿತ್ರ ಬೇರೆಯಾಗಿತ್ತು. ಬುಟ್ಟಿಯ ಸನಿಹದಲ್ಲಿ ನಿಂತು ಆಡುವ ಎತ್ತರದ ‘ಸೆಂಟರ್’ ಇಲ್ಲದೆ ಪ್ರಶಸ್ತಿ ದುರ್ಲಭವೆಂಬುದು ಅಂದಿನ ಸಾಮಾನ್ಯ ನಂಬಿಕೆ. ಪೋರ್ಟ್‌ಲ್ಯಾಂಡ್‌ಗೆ ಬೇಕಾಗಿದ್ದುದೂ ಅಂಥವನೇ. ಜೋರ್ಡನ್ ಆಡುತ್ತಿದ್ದ ಜಾಗಕ್ಕೆ ಅವರು ಹಿಂದಿನ ವರ್ಷವಷ್ಟೇ ಕ್ಲೈಡ್ ಡ್ರೆಕ್ಸ್ಲರ್‌ನನ್ನು ತಂದಿದ್ದರು. ಅವನೂ ಮುಂದೆ ಹೆಸರಾಂತ ಆಟಗಾರನಾದನು. ಆದುದರಿಂದ ಅಗತ್ಯವನ್ನು ನೋಡಿ ಆರಿಸಿದುದರಲ್ಲಿ ತರ್ಕವಿತ್ತು. ಹಾಗಾದರೆ ತಪ್ಪೇ ಇರಲಿಲ್ಲವೆ? ಇತ್ತು; ಆದರೆ ಅದು ಜನ ಹೇಳುವ ತಪ್ಪಲ್ಲ. ಬೋವಿಯು ಮೊಣಕಾಲ ಕೆಳಗಿನ ಮೂಳೆಯ ಬಿರುಕಿನಿಂದ ಕಾಲೇಜಿನಲ್ಲಿ ಎರಡು ಪೂರ್ಣ ವರ್ಷಗಳನ್ನು ಕಳೆದುಕೊಂಡಿದ್ದನು. ಈ ಸಂಗತಿ ಎಲ್ಲರಿಗೂ ತಿಳಿದಿತ್ತು. ತಿಳಿದಿದ್ದ ಅಪಾಯಕ್ಕೆ ಕೊಡಬೇಕಾದ ತೂಕವನ್ನು ಕೊಡಲಿಲ್ಲವೆಂಬುದೇ ಅವರ ಮೇಲೆ ಹೊರಿಸಬಹುದಾದ ದೋಷ. ಇಪ್ಪತ್ತೆಂಟು ವರ್ಷಗಳ ಅನಂತರ, 2012ರಲ್ಲಿ, ಬೋವಿಯೇ ಒಂದು ಸಾಕ್ಷ್ಯಚಿತ್ರದಲ್ಲಿ ಬಾಯಿಬಿಟ್ಟು ಹೇಳಿದನು: ತಂಡದ ವೈದ್ಯರು ಕಾಲಿನ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿ ಕೇಳಿದಾಗ ನೋವಿದ್ದರೂ ಇಲ್ಲವೆಂದು ಉತ್ತರಿಸಿದ್ದನಂತೆ. ಬದುಕಿನ ಬಾಗಿಲು ತೆರೆಯುವ ಹೊತ್ತಿನಲ್ಲಿ ಇಪ್ಪತ್ತಮೂರು ವರ್ಷದ ಹುಡುಗನೊಬ್ಬನು ನೋವನ್ನು ನುಂಗಿಕೊಂಡನೆಂದರೆ ಅವನನ್ನು ಕಠಿಣವಾಗಿ ನಿಂದಿಸಲು ನನ್ನ ಮನಸ್ಸು ಒಪ್ಪದು. ಇನ್ನೊಂದು ವಿಷಯವನ್ನು ಜನ ಮರೆತಿದ್ದಾರೆ. ಜೋರ್ಡನ್ ಕೂಡ ತನ್ನ ಎರಡನೆಯ ವರ್ಷ, 1985ರಲ್ಲಿ, ಪಾದದ ಮೂಳೆ ಮುರಿದುಕೊಂಡು ಆ ಋತುವಿನಲ್ಲಿ ಆಡಿದುದು 18 ಪಂದ್ಯ ಮಾತ್ರ. ಆ ಮೂಳೆ ಕೂಡಿಕೊಂಡಿತು. ಬೋವಿಯ ಮೂಳೆ ಕೂಡಿಕೊಳ್ಳಲಿಲ್ಲ. ಚರಿತ್ರೆಯು ಎಷ್ಟು ಸಣ್ಣ ಎಳೆಯ ಮೇಲೆ ತೂಗುತ್ತದೆ!

ಸೋಲನ್ನು ತೂಗುವಾಗ ಬೇಕಾದ ಎಚ್ಚರ ಗೆಲುವನ್ನು ತೂಗುವಾಗಲೂ ಬೇಕು. 2014ರ ಡ್ರಾಫ್ಟಿನಲ್ಲಿ ಡೆನ್ವರ್ ತಂಡವು 41ನೆಯ ಸ್ಥಾನದಲ್ಲಿ ನಿಕೊಲಾ ಯೋಕಿಚ್ ಎಂಬ ಸರ್ಬಿಯದ ತರುಣನನ್ನು ಆರಿಸಿತು. ಅವನ ಹೆಸರು ಬಂದಾಗ ದೂರದರ್ಶನದಲ್ಲಿ ತಿಂಡಿಯ ಅಂಗಡಿಯೊಂದರ ಜಾಹೀರಾತು ನಡೆದಿತ್ತು. ತನ್ನೂರಿನಲ್ಲಿ ಅವನು ನಿದ್ದೆಯಲ್ಲಿದ್ದನು. ಸ್ಥೂಲ ದೇಹ, ಮಂದ ಓಟ, ಅಲ್ಪ ನೆಗೆತ. ಅವನೇ 2021, 2022 ಮತ್ತು 2024ರಲ್ಲಿ ಸಂಘದ ಶ್ರೇಷ್ಠ ಆಟಗಾರನೆನಿಸಿದನು. 2023ರಲ್ಲಿ ಡೆನ್ವರ್‌ಗೆ ಮೊದಲ ಪ್ರಶಸ್ತಿಯನ್ನು ತಂದುಕೊಟ್ಟನು. ಡೆನ್ವರ್‌ನವರ ಕಣ್ಣು ವಜ್ರವನ್ನು ಕಂಡಿತೆಂದು ಹೊಗಳುವವರಿದ್ದಾರೆ. ಆದರೆ ಅದೇ ರಾತ್ರಿ ಡೆನ್ವರ್ ತಂಡವು ಮೊದಲ ಸುತ್ತಿನಲ್ಲಿ ಇಬ್ಬರನ್ನು ಪಡೆದುಕೊಂಡಿತ್ತು. ಅವರಲ್ಲೊಬ್ಬನು ಯೋಕಿಚ್‌ನಂತೆಯೇ ಸೆಂಟರ್ ಸ್ಥಾನದವನು. ಯೋಕಿಚ್ ಇಷ್ಟು ದೊಡ್ಡವನಾಗುವನೆಂದು ಅವರಿಗೆ ಖಚಿತವಾಗಿ ಗೊತ್ತಿದ್ದರೆ 41ರವರೆಗೆ ಕಾಯುತ್ತಿದ್ದರೇ? ಅವರಿಗೆ ಸಲ್ಲಬೇಕಾದ ನಿಜವಾದ ಹೊಗಳಿಕೆ ಬೇರೆ. ಆ ಹುಡುಗನು ಚೆಂಡನ್ನು ಇತರರಿಗೆ ಹಂಚುವ ಬುದ್ಧಿಯನ್ನು ಗುರುತಿಸಿ, ಇನ್ನೊಂದು ವರ್ಷ ಅವನನ್ನು ಯುರೋಪಿನಲ್ಲಿಯೇ ಬೆಳೆಯಲು ಬಿಟ್ಟು, ಆಮೇಲೆ ಕರೆಸಿಕೊಂಡು ಅವನ ಗುಣಕ್ಕೆ ಒಪ್ಪುವಂತೆ ಇಡೀ ತಂಡದ ಆಟವನ್ನೇ ತಿರುಗಿಸಿದರು. ಅವರ ಹೆಗ್ಗಳಿಕೆ ಆ ರಾತ್ರಿಯದಲ್ಲ, ಅನಂತರದ ವರ್ಷಗಳದು.

ಇಲ್ಲಿಗೆ ಬಂದಾಗ ಬೀಜದ ಜೊತೆಗೆ ನೆಲದ ಮಾತನ್ನೂ ಆಡಬೇಕಾಗುತ್ತದೆ. ಎರೆಯ ಹೊಲದ ಬಿಳಿಜೋಳವನ್ನು ಮರಳಿನಲ್ಲಿ ಬಿತ್ತಿ, ಬೀಜ ಸುಳ್ಳೆಂದರೆ ಯಾರು ಒಪ್ಪುತ್ತಾರೆ? 1998ರಲ್ಲಿ ಡಲ್ಲಾಸ್ ತಂಡವು ಮಿಲ್ವಾಕೀ ತಂಡದೊಡನೆ ಮೊದಲೇ ಮಾಡಿಕೊಂಡ ಒಪ್ಪಂದದಂತೆ, 9ನೆಯ ಸ್ಥಾನದಲ್ಲಿ ಆಯ್ಕೆಯಾದ ಡರ್ಕ್ ನೊವಿಟ್ಸ್ಕಿಯನ್ನು ಪಡೆಯಿತು. ಅವನು ಜರ್ಮನಿಯ ಎರಡನೆಯ ದರ್ಜೆಯ ಕ್ಲಬ್ಬಿನಲ್ಲಿ ಆಡುತ್ತಿದ್ದ ಇಪ್ಪತ್ತರ ತರುಣ. ಮೊದಲ ವರ್ಷ ಪಂದ್ಯವೊಂದಕ್ಕೆ ಅವನ ಸರಾಸರಿ ಕೇವಲ 8.2 ಅಂಕ. ಹೊಸ ದೇಶ, ಹೊಸ ಭಾಷೆ, ಜನರ ಗೇಲಿ. ಆ ವರ್ಷದ ಕೊನೆಗೆ ದರ್ಜೆ ಹಾಕಿದ್ದರೆ ಅವನು ನಪಾಸು. ಆದರೆ ಡಲ್ಲಾಸ್ ಅವನಿಗೆ ಆಡಲು ಅವಕಾಶ ಕೊಟ್ಟಿತು, ಕಾದಿತು. ಅವನು 21 ವರ್ಷ ಅದೊಂದೇ ತಂಡಕ್ಕೆ ಆಡಿದನು. 2007ರಲ್ಲಿ ಸಂಘದ ಶ್ರೇಷ್ಠನೆನಿಸಿದನು. 2011ರಲ್ಲಿ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟನು.

ಇದಕ್ಕೆ ಎದುರಾಗಿ 2003ರ ಕಥೆಯನ್ನು ನೋಡಿರಿ. ಮೊದಲ ಸ್ಥಾನದಲ್ಲಿ ಲೆಬ್ರಾನ್ ಜೇಮ್ಸ್ ಆಯ್ಕೆಯಾದ ಆ ವರ್ಷ, ಎರಡನೆಯ ಸರದಿ ಡೆಟ್ರಾಯಿಟ್‌ಗೆ ಬಂದಿತ್ತು. ಹಳೆಯ ಒಪ್ಪಂದವೊಂದರ ಫಲವಾಗಿ ದೊರೆತ ಸರದಿಯದು. ಡೆಟ್ರಾಯಿಟ್ ಆಗಲೇ ಬಲಿಷ್ಠ ತಂಡ. ಅವರು ಡಾರ್ಕೊ ಮಿಲಿಚಿಚ್ ಎಂಬ ಸರ್ಬಿಯದ ಹುಡುಗನನ್ನು ಆರಿಸಿದರು. ಅವನಿಗೆ ಹದಿನೆಂಟು ತುಂಬಿ ಒಂದು ವಾರವೂ ಆಗಿರಲಿಲ್ಲ. ಅವನ ಹಿಂದೆಯೇ ಆಯ್ಕೆಯಾದ ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಮೂವರೂ ಮುಂದೆ ಖ್ಯಾತಿಯ ಶಿಖರವೇರಿದರು. ಡಾರ್ಕೊ ಬೆಂಚಿನ ಮೇಲೆಯೇ ಕುಳಿತನು. ಗೆಲ್ಲುವ ಆತುರದಲ್ಲಿದ್ದ ತಂಡಕ್ಕೆ ಎಳೆಯನನ್ನು ಆಡಿಸಿ ಬೆಳೆಸುವಷ್ಟು ಪುರುಸೊತ್ತಿರಲಿಲ್ಲ. ಮತ್ತು ಆ ತಂಡವು 2004ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಆ ಗೆಲುವಿನ ಬೆನ್ನೆಲುಬಾಗಿದ್ದವನು ಬೆನ್ ವಾಲೇಸ್. ಅವನನ್ನು 1996ರ ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸಿರಲಿಲ್ಲ! ಎರಡನೆಯ ಸ್ಥಾನದವನು ಬೆಂಚಿನ ಮೇಲೆ, ಸ್ಥಾನವೇ ಇಲ್ಲದವನು ಅಂಗಳದ ನಡುವೆ. ಒಂದೇ ತಂಡದ ಈ ಒಂದು ಚಿತ್ರ ಸಾಕು, ಸರದಿಯ ಅಂಕಿಯು ಮನುಷ್ಯನ ಬೆಲೆಯಲ್ಲವೆಂದು ತಿಳಿಯಲು. 2021ರಲ್ಲಿ ವಾಲೇಸ್‌ನ ಹೆಸರು ಬ್ಯಾಸ್ಕೆಟ್‌ಬಾಲಿನ ಕೀರ್ತಿಮಂದಿರವನ್ನು ಸೇರಿತು. ಡಾರ್ಕೊ ಆಟವನ್ನು ಬಿಟ್ಟು ತನ್ನ ನಾಡಿಗೆ ಮರಳಿ ಹಣ್ಣಿನ ತೋಟ ಮಾಡಿದನು. ಅವನ ಹೆಸರಿನ ಮುಂದೆ ‘ವಿಫಲ’ ಎಂದು ಬರೆಯುವವರು, ಹದಿನೆಂಟರ ಹುಡುಗನನ್ನು ಅಲ್ಲಿ ತಂದು ಕೂರಿಸಿದವರಾರು ಎಂಬುದನ್ನು ಮೊದಲು ಕೇಳಬೇಕು.

ನಮ್ಮ ದೇಶದ ಹುಡುಗನೊಬ್ಬನ ಹೆಸರೂ ಈ ಪಟ್ಟಿಯಲ್ಲಿದೆ. ಪಂಜಾಬಿನ ಬಲ್ಲೋಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ಎತ್ತರ ಏಳು ಅಡಿ ಎರಡು ಅಂಗುಲ. 2010ರಲ್ಲಿ, ಇನ್ನೂ ಹದಿನಾಲ್ಕರ ಪ್ರಾಯದಲ್ಲಿ, ಇಂಗ್ಲಿಷು ಬಾರದ ಈ ಹುಡುಗನು ತರಬೇತಿಗಾಗಿ ಫ್ಲಾರಿಡಾಕ್ಕೆ ಹೋದನು. 2015ರಲ್ಲಿ ಡಲ್ಲಾಸ್ ತಂಡವು ಅವನನ್ನು 52ನೆಯ ಸ್ಥಾನದಲ್ಲಿ ಆರಿಸಿತು. ಭಾರತದಲ್ಲಿ ಹುಟ್ಟಿ ಎನ್.ಬಿ.ಎ. ಡ್ರಾಫ್ಟಿನಲ್ಲಿ ಆಯ್ಕೆಯಾದವರಲ್ಲಿ ಅವನೇ ಮೊದಲಿಗ. ಮುಖ್ಯ ಸಂಘದ ಪಂದ್ಯವೊಂದರಲ್ಲಿಯೂ ಆಡುವ ಯೋಗ ಅವನಿಗೆ ಬರಲಿಲ್ಲ. ಕಿರಿಯ ಸಂಘದಲ್ಲಿ ಎರಡು ವರ್ಷ ಆಡಿ, ಮುಂದೆ ವೃತ್ತಿಪರ ಕುಸ್ತಿಯ ಕಡೆಗೆ ಹೊರಳಿದನು. ಮೊಮ್ಮಗನ ನೋಟುಬುಕ್ಕಿನಲ್ಲಿ ಈ ಆಯ್ಕೆಗೆ ‘ಸಿ’ ಎಂದಿತ್ತು. ನಾನು ಅವನಿಗೆ, 52ರ ಆಸುಪಾಸಿನಲ್ಲಿ ಆಯ್ಕೆಯಾದವರ ಪಟ್ಟಿಯನ್ನು ಹತ್ತು ವರ್ಷಗಳಿಗೆ ತೆಗೆದು ನೋಡಲು ಹೇಳಿದೆ. ಅಲ್ಲಿ ನೆಲೆ ನಿಂತವರು ಬಹು ವಿರಳ. ಮೊದಲ ಸ್ಥಾನದಿಂದ ಕೆಳಗಿಳಿಯುತ್ತ ಹೋದಂತೆ ಭರವಸೆ ಕಡಿದಾಗಿ ಇಳಿಯುತ್ತದೆ. ಆದುದರಿಂದ ಆಯ್ಕೆಯೊಂದನ್ನು ಅಳೆಯುವಾಗ ಅದೇ ಸ್ಥಾನದಲ್ಲಿ ಸಾಮಾನ್ಯವಾಗಿ ಏನು ದೊರೆಯುತ್ತದೆಂಬುದನ್ನೇ ಅಳತೆಗೋಲು ಮಾಡಿಕೊಳ್ಳಬೇಕು. 52ರಲ್ಲಿ ಬೆಳೆಯದಿದ್ದುದು ನಷ್ಟವಲ್ಲ. 41ರಲ್ಲಿ ಯೋಕಿಚ್ ದೊರೆತುದು ನಿಯಮವೂ ಅಲ್ಲ.

ಎಲ್ಲ ಅಳತೆಗಳೂ ಕೈಚೆಲ್ಲಿ ನಿಲ್ಲುವ ಒಂದು ಘಟನೆಯನ್ನು ಹೇಳದಿದ್ದರೆ ಈ ಬರಹ ಅಪೂರ್ಣ. 1986ರ ಜೂನ್ 17ರಂದು ಬಾಸ್ಟನ್ ತಂಡವು ಎರಡನೆಯ ಸರದಿಯಲ್ಲಿ ಲೆನ್ ಬಯಾಸ್ ಎಂಬ ಅಸಾಧಾರಣ ಪ್ರತಿಭೆಯ ತರುಣನನ್ನು ಆರಿಸಿತು. ಜೂನ್ 19ರಂದು, ಎರಡೇ ದಿನಗಳಲ್ಲಿ, ಕೊಕೇನ್ ಎಂಬ ಮಾದಕ ವಸ್ತುವಿನ ಸೇವನೆಯಿಂದ ಅವನು ತೀರಿಕೊಂಡನು. ವಯಸ್ಸು ಇಪ್ಪತ್ತೆರಡು. ತೋಳಿನ ಉದ್ದವನ್ನು ಅಂಗುಲದ ಭಾಗದವರೆಗೆ ಅಳೆಯುವ ಯಾವ ಪಟ್ಟಿಯೂ ಆ ಎರಡು ದಿನಗಳನ್ನು ಅಳೆಯಲಾರದಾಯಿತು. ಆಯ್ಕೆಯಾದ ಮಗನ ಸಂಭ್ರಮವನ್ನು ನೋಡಲು ಬಂದ ತಾಯಿತಂದೆಯರು ಅವನನ್ನು ಮಣ್ಣಿಗೊಪ್ಪಿಸಬೇಕಾಯಿತು. ಡ್ರಾಫ್ಟಿನ ಪಟ್ಟಿಯಲ್ಲಿರುವುದು ಸರಕುಗಳಲ್ಲ, ಮನೆಯ ಮಕ್ಕಳು ಎಂಬುದನ್ನು ಆ ಸಾವು ಆಟದ ಲೋಕಕ್ಕೆ ನೆನಪಿಸಿತು.

ಇಷ್ಟೆಲ್ಲ ಚರ್ಚೆಯಾದ ಮೇಲೆ ಮೊಮ್ಮಗನೂ ನಾನೂ ಕೂಡಿ ಅವನ ನೋಟುಬುಕ್ಕಿನಲ್ಲಿ ನಾಲ್ಕು ಕಲಮುಗಳನ್ನು ಎಳೆದೆವು. ಮೊದಲನೆಯದು, ಆ ರಾತ್ರಿ ತಂಡಕ್ಕೆ ತಿಳಿದಿದ್ದುದೇನು. ಎರಡನೆಯದು, ಆ ಸರದಿಯಲ್ಲಿ ಇನ್ನಾರು ದೊರೆಯುತ್ತಿದ್ದರು, ಆ ಸ್ಥಾನದಿಂದ ಸಾಮಾನ್ಯವಾಗಿ ಎಷ್ಟನ್ನು ನಿರೀಕ್ಷಿಸಬಹುದು. ಮೂರನೆಯದು, ಆರಿಸಿದ ಮೇಲೆ ಆ ಹುಡುಗನಿಗೆ ಕೊಟ್ಟ ನೆಲ ಎಂಥದು, ಎಷ್ಟು ಕಾಲ ಕಾದರು. ನಾಲ್ಕನೆಯದು ಅದೃಷ್ಟದ ಕಲಮು: ಮುರಿದ ಮೂಳೆ, ಕೂಡಿದ ಮೂಳೆ ಎರಡನ್ನೂ ಅಲ್ಲಿಯೇ ಬರೆಯಬೇಕು. ಮೊದಲ ಎರಡನ್ನು ಅಂದೇ ತುಂಬಿ ಮುಚ್ಚಿಡುವುದು. ಉಳಿದೆರಡನ್ನು ಐದು ವರ್ಷಗಳ ಅನಂತರ ತುಂಬುವುದು. ದರ್ಜೆ ಕೊಡುವುದಾದರೆ ಮೊದಲಿನ ಮೂರಕ್ಕೆ ಮಾತ್ರ; ನಾಲ್ಕನೆಯದಕ್ಕೆ ದರ್ಜೆಯಿಲ್ಲ. ಮತ್ತು ಈ ದರ್ಜೆ ತಂಡಕ್ಕೆ ಹೊರತು ಹುಡುಗನಿಗಲ್ಲ. “ಹಿಂಗ ಮಾಡಿದ್ರ ಐದು ವರ್ಷ ಕಾಯಬೇಕಲ್ಲ ಅಜ್ಜಾ!” ಎಂದು ಅವನು ಮುಖ ಸಣ್ಣದು ಮಾಡಿದನಾದರೂ ಗೆರೆಗಳನ್ನು ನೆಟ್ಟಗೆ ಎಳೆದನು. ವಿದ್ಯಾರ್ಥಿ ನಿಲಯದ ಆ ಹಿರಿಯರು ಇದ್ದಿದ್ದರೆ ಒಂದು ರುಜು ಹಾಕಿಸಿಯೇ ಬಿಡುತ್ತಿದ್ದರು.

ಓದುಗ ಬಂಧುಗಳೇ, ಮೇ, ಜೂನ್ ತಿಂಗಳು ಬಂದರೆ ನಮ್ಮ ಮನೆಮನೆಗಳಲ್ಲಿಯೂ ಒಂದು ಡ್ರಾಫ್ಟು ನಡೆಯುತ್ತದೆ. ಫಲಿತಾಂಶದ ಪಟ್ಟಿ, ಕಾಲೇಜಿನ ಪ್ರವೇಶದ ಪಟ್ಟಿ, ಮುಂದೆ ನೌಕರಿಯ ಪಟ್ಟಿ. ಇಂಥ ಪಟ್ಟಿಗಳು ಬೇಡವೆಂದು ನಾನು ಹೇಳಲಾರೆ. ಸ್ಥಳ ಇಪ್ಪತ್ತೈದೇ ಇರುವಾಗ ಯಾರಾದರೂ ಆರಿಸಲೇಬೇಕು, ಆರಿಸುವವರು ಅಳೆಯಲೇಬೇಕು. ಆದರೆ ಅಳತೆ ಮಾಡಿದವರು ಅಳತೆಯ ಮಿತಿಯನ್ನೂ ಬಲ್ಲವರಾಗಿರಬೇಕು. 1978ರಲ್ಲಿ ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್ ಎಂಬ ಊರಿನ ಪ್ರೌಢಶಾಲೆಯಲ್ಲಿ ಹಿರಿಯರ ತಂಡದ ಪಟ್ಟಿಯನ್ನು ಹಚ್ಚಿದಾಗ ಮೈಕೇಲ್ ಜೋರ್ಡನ್ ಎಂಬ ಹುಡುಗನ ಹೆಸರು ಅದರಲ್ಲಿರಲಿಲ್ಲ. ಅವನಿಗಿಂತ ಎತ್ತರವಾಗಿದ್ದ ಸಹಪಾಠಿಗೆ ಆ ಸ್ಥಾನ ಹೋಗಿತ್ತು. ತಂಡಕ್ಕೆ ಎತ್ತರ ಬೇಕಾಗಿತ್ತು. ಶಿಕ್ಷಕರ ನಿರ್ಧಾರಕ್ಕೆ ಕಾರಣವಿತ್ತು. ಅವರು ಹುಡುಗನನ್ನು ಹೊರಗೆ ಹಾಕಲಿಲ್ಲ. ಕಿರಿಯರ ತಂಡದಲ್ಲಿ ಆಡಲು ಬಿಟ್ಟರು. ಅವನು ಅಲ್ಲಿಯೇ ಆಡಿದನು, ಬೆಳೆದನು. ಆ ಅಂಗಳವನ್ನೂ ಮುಚ್ಚಿಬಿಟ್ಟಿದ್ದರೆ ಮುಂದಿನ ಕಥೆಯನ್ನು ಯಾರು ಬರೆಯುತ್ತಿದ್ದರು?

ಆದುದರಿಂದ ಆಯ್ಕೆ ಮಾಡುವ ಸ್ಥಾನದಲ್ಲಿರುವವರಲ್ಲಿ ನನ್ನ ಬಿನ್ನಹವಿಷ್ಟೆ. ಕಾರಣವನ್ನು ಅಂದೇ ಬರೆದಿಡಿರಿ. ಆರಿಸಿದವರಿಗೆ ನೆಲವನ್ನೂ ಕಾಲವನ್ನೂ ಕೊಡಿರಿ. ಬಿಟ್ಟವರಿಗೆ ಇನ್ನೊಂದು ಅಂಗಳವನ್ನು ತೋರಿಸಿರಿ. ತಾಯಿತಂದೆಯರಲ್ಲಿ ಇನ್ನೂ ಚಿಕ್ಕ ಬಿನ್ನಹ. ಪಟ್ಟಿಯಲ್ಲಿ ಹೆಸರಿಲ್ಲದ ಮಗು ಸಂಜೆ ಮನೆಗೆ ಬಂದಾಗ, ಕೈಕಾಲು ತೊಳೆಸಿ ಮೊದಲು ಊಟಕ್ಕೆ ಕೂಡಿಸಿರಿ. ಲೆಕ್ಕಾಚಾರವೇನಿದ್ದರೂ ಮರುದಿನಕ್ಕಿರಲಿ.